ಸ್ಮಾರ್ಟ್ ಹೋಮ್ ಡೀಲರ್‌ಶಿಪ್ಪೂ ಅಡಿಕೆ ದುಡ್ಡೂ

ಮಾನ್ಯ ಸಂಪಾದಕರೆ,

ದೀಪ, ಫ್ಯಾನು, ಕ್ಯಾಮರಾಗಳನ್ನು ಮೊಬೈಲಿನಿಂದಲೇ ನಡೆಸುವ ಸ್ಮಾರ್ಟ್ ಹೋಮ್ ಉದ್ಯಮದಲ್ಲಿ ಹಣ ತೊಡಗಿಸಲು ಇದೇ ಸಕಾಲ ಎಂಬ ಲೇಖನ ನಿಮ್ಮ ವಾಣಿಜ್ಯ ಪುಟದಲ್ಲಿ ಬಂದ ಮೇಲೆ ನನಗೆ ಬರುವ ಫೋನು ಜಾಸ್ತಿಯಾಗಿದೆ. ಶಿರಸಿ, ಸಿದ್ದಾಪುರ, ಕುಮಟಾ ಕಡೆ ಮನೆ, ಲಾಡ್ಜುಗಳ ವೈರಿಂಗ್ ಗುತ್ತಿಗೆ ಹಿಡಿಯುವವನು ನಾನು. ಕೇಳುವವರಲ್ಲಿ ಅಡಿಕೆ ಬೆಳೆಗಾರರೇ ಹೆಚ್ಚು. ದುಡ್ಡು ಸೊಸೈಟಿ ಠೇವಣಿಯಲ್ಲಿದೆ, ಮಗ ಬೆಂಗಳೂರು ಬಿಟ್ಟು ಊರಿಗೆ ಬರುತ್ತೇನೆ ಅನ್ನುತ್ತಾನೆ, ಯಾವುದೋ ಕಂಪನಿ ಎರಡು ತಾಲೂಕಿನ ಡೀಲರ್‌ಶಿಪ್ ಕೊಡುತ್ತದಂತೆ, ಕೆಲವು ಲಕ್ಷ ಡಿಪಾಸಿಟ್ ಇಡಬೇಕಂತೆ, ಇಡಲೋ ಬೇಡವೋ? ಒಬ್ಬೊಬ್ಬರಿಗೇ ಉತ್ತರ ಹೇಳಿ ಗಂಟಲು ಒಣಗಿದ್ದರಿಂದ ಈ ಪತ್ರ.

ಆ ಕಂಪನಿಯವರು ಹಂಚುವ ಕಾಗದದಲ್ಲಿ ಮೊದಲ ಸಾಲೇ ಕರೆಂಟ್ ಬಿಲ್ಲಿನ ಉಳಿತಾಯದ್ದು. ನಮ್ಮ ಊರುಮನೆಗಳಿಗೆ ಈ ಲೆಕ್ಕ ಕೂಡುವುದಿಲ್ಲ. 2023ರ ಜುಲೈನಿಂದ ಗೃಹಜ್ಯೋತಿ ಇದೆ. ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ, 200 ಯೂನಿಟ್ ಮೀರದಂತೆ ಕರೆಂಟ್ ಉಚಿತ. ಎಪ್ಪತ್ತೈದು ವಾಟಿನ ಹಳೇ ಫ್ಯಾನು ತೆಗೆದು ಮೂವತ್ತೈದು ವಾಟಿನ ರಿಮೋಟ್ ಫ್ಯಾನು ಹಾಕಿ, ದಿನಕ್ಕೆ ಹತ್ತು ತಾಸು ತಿರುಗಿಸಿದರೆ ತಿಂಗಳಿಗೆ ಹನ್ನೆರಡು ಯೂನಿಟ್ ಉಳಿಯುತ್ತದೆ, ನಿಜ. ಆದರೆ ಸೊನ್ನೆ ಬಿಲ್ಲಿನಲ್ಲಿ ಉಳಿಯುವುದು ಏನು? ಫ್ಯಾನಿನ ಗತಿಯೇ ಇದಾದರೆ ಮಾತು ಕೇಳಿ ಹೊತ್ತಿಕೊಳ್ಳುವ ಬಲ್ಬಿನ ಕತೆ ಕೇಳುವುದೇ ಬೇಡ.

ವಾಣಿಜ್ಯ ದರ ಕಟ್ಟುವವರ ಲೆಕ್ಕ ಬೇರೆ. ಗೋಕರ್ಣ, ಮುರ್ಡೇಶ್ವರದ ಲಾಡ್ಜುಗಳಲ್ಲಿ ಗಿರಾಕಿಗಳು ಎ.ಸಿ. ಚಾಲೂ ಇಟ್ಟು ಸಮುದ್ರಕ್ಕೆ ಹೋಗುತ್ತಾರೆ. ಒಂದೂವರೆ ಟನ್ನಿನ ಎ.ಸಿ. ತಾಸಿಗೆ ಒಂದು, ಒಂದೂಕಾಲು ಯೂನಿಟ್ ತಿನ್ನುತ್ತದೆ. ಓಂ ಬೀಚಿಗೆ ಹೋದವರು ನಾಲ್ಕು ತಾಸು ಬಿಟ್ಟು ಬಂದರೆ ಆ ಒಂದು ಕೋಣೆಯದೇ ನಾಲ್ಕೈದು ಯೂನಿಟ್ ದಂಡ. ಬಾಗಿಲಿಗೊಂದು ಸೆನ್ಸರ್, ಗೋಡೆಗೊಂದು, ಕಾರ್ಡ್ ತೆಗೆದರೆ ಕರೆಂಟ್ ನಿಲ್ಲಿಸುವ ಕೀ ಕಾರ್ಡ್ ಸ್ವಿಚ್ ಹಾಕಿಸಿದ ಮಾಲಕರು ನನ್ನನ್ನು ಮತ್ತೆ ಕರೆದು ಉಳಿದ ಕೋಣೆಗಳಿಗೂ ಹಾಕಿಸಿದ್ದಾರೆ. ಹೇಳದೆ ಕೇಳದೆ ಎರಡನೇ ಸಲ ಆರ್ಡರ್ ಬರುವ ವ್ಯಾಪಾರವೇ ವ್ಯಾಪಾರ.

ಇನ್ನೊಂದು, ತೋಟದ ಮೋಟರು. ಇದನ್ನು ಯಾರೂ ಸ್ಮಾರ್ಟ್ ಹೋಮ್ ಅನ್ನುವುದಿಲ್ಲ, ಆದರೆ ನಮ್ಮ ಕಡೆ ಜನ ಚೌಕಾಸಿ ಮಾಡದೆ ದುಡ್ಡು ಕೊಡುವುದು ಇದಕ್ಕೇ. ಮೋಟರಿಗೆ ಬೇಕಾದ ತ್ರೀಫೇಸ್ ಕರೆಂಟ್ ಬರುವುದು ಪಾಳಿಯಲ್ಲಿ, ಹಲವು ಸಲ ರಾತ್ರಿ. ಬ್ಯಾಟರಿ ಹಿಡಿದು ತೋಟಕ್ಕಿಳಿದರೆ ಹಾವು, ಬೆಟ್ಟದ ಅಂಚಿನಲ್ಲಿ ಕಾಡುಕೋಣ. ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ಇದ್ದರೆ ಜಗುಲಿಯಲ್ಲಿ ಕೂತು ಒಂದು ಕಾಲ್ ಮಾಡಿದರೆ ಸಾಕು, ಬಾವಿ ಬತ್ತಿದರೂ ಒಂದು ಫೇಸ್ ಹೋದರೂ ತಾನೇ ನಿಲ್ಲುತ್ತದೆ. ಹತ್ತು ಅಶ್ವಶಕ್ತಿವರೆಗಿನ ನೀರಾವರಿ ಪಂಪಿಗೆ ಕರೆಂಟ್ ಹೇಗೂ ಪುಕ್ಕಟೆ. ರೈತ ದುಡ್ಡು ಕೊಡುವುದು ನಿದ್ದೆಗೆ, ಸಿಗದ ಆಳಿಗೆ. ಮಕ್ಕಳೆಲ್ಲ ಪರವೂರಲ್ಲಿದ್ದು ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳ ಕ್ಯಾಮರಾ ಕೂಡ ಹೀಗೆಯೇ ನಡೆಯುತ್ತಿದೆ.

ಉಳಿದ ಮಾಲಿಗೆ ನಮ್ಮ ಹವೆಯೇ ವೈರಿ. ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋದರೆ ಟವರಿನ ಬ್ಯಾಟರಿಯೂ ಸತ್ತು ನೆಟ್‌ವರ್ಕ್ ಇಲ್ಲ. ಸಿಡಿಲಿಗೆ ರೂಟರ್ ಮೊದಲು ಹೋಗುತ್ತದೆ. ಕಾರವಾರ, ಅಂಕೋಲಾದ ಉಪ್ಪುಗಾಳಿಗೆ ಹೊರಗಿನ ಕ್ಯಾಮರಾದ ಕನೆಕ್ಟರ್ ಹಸಿರುಗಟ್ಟುತ್ತದೆ. ಚಿರೆಕಲ್ಲಿನ ದಪ್ಪ ಗೋಡೆ ದಾಟಲು ವೈಫೈಗೆ ಆಗುವುದಿಲ್ಲ. ಹಳೇ ಮನೆಯ ಸ್ವಿಚ್ ಬೋರ್ಡಿನಲ್ಲಿ ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ತಂತಿಯೇ ಇರುವುದಿಲ್ಲ, ಹೆಚ್ಚಿನ ಸ್ಮಾರ್ಟ್ ಸ್ವಿಚ್ಚಿಗೆ ಅದು ಬೇಕೇ ಬೇಕು. ಡೀಲರ್ ಆದವರು ಇದನ್ನೆಲ್ಲ ಸುಧಾರಿಸಲು ಜೀಪಿನ ಡೀಸೆಲ್ ಸುಡಬೇಕು. ಕಂಪನಿಯ ಲಾಭದ ಲೆಕ್ಕದಲ್ಲಿ ಆ ಡೀಸೆಲ್ ಇಲ್ಲ.

ದೊಡ್ಡ ಕಂಪನಿಗಳೇ ಈ ವ್ಯಾಪಾರದಲ್ಲಿ ಎಡವಿವೆ. ಅಮೆರಿಕದ ಸ್ಮಾರ್ಟ್ ಹೋಮ್ ಕಂಪನಿ ಇನ್‌ಸ್ಟಿಯಾನ್ 2022ರ ಏಪ್ರಿಲ್‌ನಲ್ಲಿ ಸರ್ವರ್ ದಿಢೀರನೆ ಮುಚ್ಚಿತು, ಗಿರಾಕಿಗಳ ಆ್ಯಪ್ ಸತ್ತುಹೋಯಿತು. ಗೂಗಲ್ 2014ರಲ್ಲಿ 320 ಕೋಟಿ ಡಾಲರ್ ಕೊಟ್ಟು ನೆಸ್ಟ್ ಎಂಬ ಕಂಪನಿ ಕೊಂಡಿತು. ಆ ನೆಸ್ಟಿನ ಮೊದಲೆರಡು ಪೀಳಿಗೆಯ, ಮನೆಯ ಬಿಸಿ-ತಂಪು ಹಿಡಿತದಲ್ಲಿಡುವ ಥರ್ಮೋಸ್ಟಾಟಿಗೆ 2025ರ ಅಕ್ಟೋಬರಿನಲ್ಲಿ ಆ್ಯಪ್ ಸಂಪರ್ಕ ಕಡಿಯಿತು. ಕಸ ಗುಡಿಸುವ ರೂಂಬಾದ ಕಂಪನಿಯನ್ನು ಅಮೆಜಾನ್ ಕೊಳ್ಳುವ ಮಾತು 2024ರಲ್ಲಿ ಮುರಿದುಬಿತ್ತು, ಮರುವರ್ಷದ ಡಿಸೆಂಬರಿನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. 2022ರಲ್ಲಿ ಬಂದ ಮ್ಯಾಟರ್ ಎಂಬ ಸಾಮಾನ್ಯ ಮಾನದಂಡ ಪಾಲಿಸುವ ಒಂದು ಕಂಪನಿಯ ಬಲ್ಬನ್ನು ಅದನ್ನೇ ಪಾಲಿಸುವ ಇನ್ನೊಂದು ಕಂಪನಿಯ ಆ್ಯಪಿಗೂ ಜೋಡಿಸಬಹುದು. ಗಿರಾಕಿಗೆ ಒಳ್ಳೆಯದೇ. ಆದರೆ ಎಲ್ಲ ಬಲ್ಬೂ ಒಂದೇ ಆದ ಮೇಲೆ ಕಡಿಮೆ ರೇಟಿನವನೇ ಗೆಲ್ಲುವುದು, ಡೀಲರಿಗೆ ಮಾರ್ಜಿನ್ ಎಲ್ಲಿಂದ ಬರಬೇಕು?

ಡೀಲರ್‌ಶಿಪ್ ಬದಲು ಷೇರು ಕೊಳ್ಳುವ ವಿಷಯದಲ್ಲಿ ನನ್ನ ಮಾತು ಅರ್ಧ ನಂಬಿದರೆ ಸಾಕು. ವೈರು ಕಂಪನಿ ಪಾಲಿಕ್ಯಾಬ್ 2021ರಲ್ಲಿ ಬೆಂಗಳೂರಿನ ಸಿಲ್ವನ್ ಎಂಬ ಹೋಮ್ ಆಟೊಮೇಶನ್ ಕಂಪನಿ ಕೊಂಡಿತು, ಸರಿ. ಆದರೂ ಅದರ ಆದಾಯದ ಬಹುಪಾಲು ವೈರು, ಕೇಬಲ್ಲಿನದೇ. ಸ್ಮಾರ್ಟ್ ಹೋಮ್ ಅಂತ ಆ ಷೇರು ಕೊಂಡವರು ಕೊಂಡದ್ದು ಕೇಬಲ್ ವ್ಯಾಪಾರದ ಪಾಲು. ಅದು ತಪ್ಪೇನಲ್ಲ, ಗೊತ್ತಿದ್ದು ಕೊಳ್ಳಿ.

ಊರಿಗೆ ಬರುವ ಹುಡುಗರಿಗೆ ನನ್ನ ಸಲಹೆ: ಡಿಪಾಸಿಟ್ಟಿನ ಕಾಲುಭಾಗದಲ್ಲಿ ವೈರಿಂಗ್ ಪರೀಕ್ಷಿಸುವ ಒಳ್ಳೆಯ ಮೀಟರು, ಒಂದು ಬೈಕು, ನಾಲ್ಕು ಸ್ಟಾರ್ಟರ್ ಸ್ಟಾಕು ಇಟ್ಟುಕೊಂಡು ರಿಪೇರಿ ಶುರು ಮಾಡಿ. ಡೀಲರ್‌ಶಿಪ್ಪೇ ಬೇಕು ಅನ್ನುವವರು ಮೂರು ವಿಷಯ ಬರಹದಲ್ಲಿ ತೆಗೆದುಕೊಳ್ಳಿ: ಸಿಡಿಲಿಗೆ ಸುಟ್ಟ ಯೂನಿಟ್ ಯಾರ ಖರ್ಚು, ಇಂಟರ್‌ನೆಟ್ ಇಲ್ಲದಾಗ ಸ್ವಿಚ್ ಕೆಲಸ ಮಾಡುತ್ತದೆಯೇ, ಮಾರಾಟವಾಗದ ಮಾಲು ವಾಪಸ್ ಹೋಗುತ್ತದೆಯೇ. ಬರೆದುಕೊಡಲು ಒಪ್ಪದ ಕಂಪನಿಗೆ ಚೆಕ್ ಬರೆಯಬೇಡಿ.

ಇಂತಿ,
ಒಬ್ಬ ಎಲೆಕ್ಟ್ರಿಕಲ್ ಗುತ್ತಿಗೆದಾರ, ಶಿರಸಿ