ಕೊಸರು ರೀಲಿನಲ್ಲಿ ಬರಲಿಲ್ಲ

ಬಸವನಗುಡಿ, ಬೆಂಗಳೂರು

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ಚಳಿಗೆ ದೊಡ್ಡಪ್ಪನ ಮಂಡಿನೋವು ಸ್ವಲ್ಪ ಜಾಸ್ತಿ, ಅಷ್ಟೇ. ವಾಟ್ಸಾಪಿನಲ್ಲಿ ಇಷ್ಟುದ್ದ ಬರೆದರೆ ನೀನು ಬೆರಳಲ್ಲಿ ತಳ್ಳಿಬಿಡುತ್ತೀಯ. ಅದಕ್ಕೇ ಕಾಗದ ಹಿಡಿದೆ.

ನೀನು ಹಾಕಿದ ಕಡಲೆಕಾಯಿ ಪರಿಷೆಯ ರೀಲ್ ನೋಡಿದೆ. ಚೆನ್ನಾಗಿದೆ. ಪಕ್ಕದ ಮನೆಯವರಿಗೂ ತೋರಿಸಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಅವತ್ತು ನಾನು ನಿನ್ನ ಪಕ್ಕದಲ್ಲೇ ಇದ್ದೆ, ಅಲ್ವಾ? ಚಿಂತಾಮಣಿ ಕಡೆಯ ಆ ಹೆಂಗಸು ಸೇರಿನಲ್ಲಿ ಕಡಲೆಕಾಯಿ ಅಳೆದಳು. ಆಮೇಲೆ ಅಳತೆಯ ಮೇಲೆ ಒಂದು ಬೊಗಸೆ ಕೊಸರು ಹಾಕಿದಳು. ನೀನು ಬೆಳಕು ಸರಿಮಾಡಿಕೊಳ್ಳುತ್ತಿದ್ದೆ. ‘ಆಂಟಿ, ಇನ್ನೊಂದ್ಸಲ ಹಾಕಿ’ ಅಂದೆ. ಆಕೆ ನಕ್ಕು, ಚೀಲದಿಂದ ಒಂದು ಹಿಡಿ ತೆಗೆದು ಮತ್ತೆ ಹಾಕಿದಳು. ರೀಲಿನಲ್ಲಿರುವುದು ಆ ಎರಡನೆಯದು. ಕೊಸರಿಗೆ ನಾವೂ ಜಗಳ ಆಡುತ್ತೇವೆ ಬಿಡು. ಆದರೆ ಅದು ನಮ್ಮ ಚೀಲಕ್ಕೆ ಬೀಳಬೇಕು, ಕ್ಯಾಮೆರಾಕ್ಕಲ್ಲ. ಎಷ್ಟು ಜನ ನೋಡಿದರು ಅಂತ ಸಂಜೆ ಹತ್ತು ಸಲ ಹೇಳಿದೆ. ಆಕೆ ಯಾವ ಊರಿನವಳು, ಈ ಸಲ ಮಳೆ ಹೇಗಿತ್ತು, ರಾತ್ರಿ ಎಲ್ಲಿ ಮಲಗುತ್ತಾಳೆ, ಇದನ್ನು ನೀನು ಕೇಳಲಿಲ್ಲ. ನಾನು ಕೇಳಿದೆ. ಫುಟ್‌ಪಾತಿನ ಮೇಲೆ, ಮೂಟೆಗೆ ಒರಗಿಕೊಂಡು.

ಇನ್ನೊಂದು ವಿಷಯ. ರೀಲಿನ ಕೆಳಗೆ ಏನು ಬರೆದಿದ್ದೀಯ ನೋಡು: ‘ವಚನಕಾರ ಬಸವಣ್ಣನವರ ಗುಡಿ’. ಅಯ್ಯೋ ಪುಟ್ಟಿ! ಆ ಬಸವಣ್ಣನವರು 12ನೇ ಶತಮಾನದವರು, ಕಲ್ಯಾಣದಲ್ಲಿದ್ದವರು. ಗುಡಿ ಕಟ್ಟಿಸಿ ಅಂದವರೂ ಅಲ್ಲ. ನಮ್ಮ ದೊಡ್ಡ ಬಸವಣ್ಣ ಶಿವನ ನಂದಿ, ಒಂದೇ ಬಂಡೆಯಲ್ಲಿ ಕಡೆದದ್ದು. ಹಿಂದೆ ಇಲ್ಲಿ ಸುಂಕೇನಹಳ್ಳಿ ಅಂತ ಊರಿತ್ತು. ಸುತ್ತ ಕಡಲೆಕಾಯಿ ಹೊಲ. ರಾತ್ರಿ ಒಂದು ಬಸವ ಬಂದು ಮೇಯುತ್ತಿತ್ತಂತೆ. ರೈತರು ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಹೋದರೆ ಅದು ಕಲ್ಲಾಗಿ ಕೂತಿತಂತೆ. ಮೊದಲ ಬೆಳೆ ನಿನಗೇ ಅಂತ ಹರಕೆ ಹೊತ್ತರು. ಅದಕ್ಕೇ ಕಾರ್ತಿಕದ ಕಡೇ ಸೋಮವಾರ ಪರಿಷೆ. 1537ರಲ್ಲಿ ಬೆಂಗಳೂರಿಗೆ ಕೋಟೆ ಹಾಕಿಸಿದ ಕೆಂಪೇಗೌಡರೇ ಗುಡಿ ಕಟ್ಟಿಸಿದ್ದು ಎನ್ನುತ್ತಾರೆ. ಕಥೆಯೋ ನಿಜವೋ, ಈ ಬೀದಿಗೆ ಸೇರಿದ್ದು ಇದು. ನೀನು ಬರೆದ ಆ ಸಾಲನ್ನು ಇನ್ಯಾರದೋ ರೀಲಿನಿಂದ ಎತ್ತಿಕೊಂಡೆ. ನಿನ್ನಿಂದ ಇನ್ನಾರೋ ಎತ್ತಿಕೊಳ್ಳುತ್ತಾರೆ. ಹಾಕುವ ಮುಂಚೆ ಒಂದು ಫೋನ್ ಮಾಡಿದ್ದರೆ ಹೇಳುತ್ತಿದ್ದೆ.

ನಾನೇನು ಸಾಚಾ ಅಲ್ಲ. ನಮ್ಮ ರಾಷ್ಟ್ರಗೀತೆಗೆ ಯುನೆಸ್ಕೊ ಮೊದಲ ಸ್ಥಾನ ಕೊಟ್ಟಿದೆ ಎಂಬ ಸುಳ್ಳನ್ನು ಮೂರು ಗ್ರೂಪಿಗೆ ಕಳಿಸಿದವಳು ನಾನೇ. ಯುಗಾದಿಗೆ ಮೊದಲೆಲ್ಲ ಮನೆಮನೆಗೆ ಹೋಗಿ ಬೇವುಬೆಲ್ಲ ಕೊಡುತ್ತಿದ್ದೆ. ಈಗ ಬೇವಿನ ಎಲೆಯ ಚಿತ್ರ ಒತ್ತಿ ಮುಗಿಸುತ್ತೇನೆ. ನಿಮ್ಮಮ್ಮನಿಗೂ ಅಷ್ಟೇ, ಒಡಹುಟ್ಟಿದವಳಿಗೆ! ಫೋನು ಬರೀ ಹುಡುಗರನ್ನು ಕೆಡಿಸಿತು ಅಂತ ಹೇಳುವವರ ಮಾತಿಗೆ ನಾನು ಸೇರುವುದಿಲ್ಲ.

ಆದರೆ ಆ ಯಂತ್ರಕ್ಕೆ ಒಂದು ಬುದ್ಧಿ ಇದೆ. ನೀನು ಎಲ್ಲಿ ಒಂದು ಗಳಿಗೆ ಜಾಸ್ತಿ ನಿಂತೆಯೋ ಅದನ್ನೇ ಮತ್ತೆ ಮತ್ತೆ ತಂದು ಸುರಿಯುತ್ತದೆ. ಕಣ್ಣು ಕುಕ್ಕುವುದು ಮೇಲೆ ಬರುತ್ತದೆ, ಮೆಲ್ಲಗಿರುವುದು ಕೆಳಗೆ ಹೋಗುತ್ತದೆ. ಹೋದ ವರ್ಷ ನಿಮ್ಮ ಅಣ್ಣನ ಮದುವೆಯಲ್ಲಿ ‘ಹಲ್ದಿ’ ಅಂತ ಮಾಡಿದಿರಿ. ಎಲ್ಲರಿಗೂ ಹಳದಿ ಬಟ್ಟೆ, ಡಿಜೆ. ಅರಿಶಿನ ಎಣ್ಣೆ ಶಾಸ್ತ್ರ ನಮ್ಮಲ್ಲೂ ಇತ್ತಲ್ಲ! ಒನಕೆಗೆ ಅರಿಶಿನ ಕಟ್ಟಿ ಪೂಜೆ, ಮುತ್ತೈದೆಯರ ಹಾಡು. ಅದನ್ನು ಬೆಳಗ್ಗೆ ಆರಕ್ಕೇ ಅವಸರದಲ್ಲಿ ಮುಗಿಸಿದಿರಿ, ಫೋಟೋದವನು ಬರುವ ಮುಂಚೆ. ಹೊಸದು ಬೇಡ ಅನ್ನುತ್ತಿಲ್ಲ. ನಮ್ಮಮ್ಮನ ಕಾಲದಲ್ಲಿ ಮದುವೆಗೆ ಬ್ಯಾಂಡ್‌ಸೆಟ್ ಬಂದಾಗಲೂ ಹಿರಿಯರು ಗೊಣಗಿದ್ದರು. ಹಳೆಯದು ಫೋಟೋಕ್ಕೆ ಒಗ್ಗಲಿಲ್ಲ ಅಂತ ನಾಚಿಕೊಂಡು ಮುಗಿಸಿದಿರಲ್ಲ, ಅದು ಚುಚ್ಚಿತು.

ಕರಗವೂ ಹಾಗೇ. ಚೈತ್ರ ಹುಣ್ಣಿಮೆ ರಾತ್ರಿ ಧರ್ಮರಾಯನ ಗುಡಿಯಿಂದ ಕರಗ ಹೊರಟರೆ ತಿಗಳರಪೇಟೆ ತುಂಬ ಎತ್ತಿದ ಫೋನುಗಳು. ಕತ್ತಿ ಹಿಡಿದ ವೀರಕುಮಾರರು, ಮಲ್ಲಿಗೆ, ಮೂವತ್ತು ಸೆಕೆಂಡು. ಅದರ ಪೂಜೆ ಸಂಪಂಗಿ ಕೆರೆಯ ಜಾಗದಲ್ಲೂ ನಡೆಯುತ್ತದೆ, ಆ ಕೆರೆ ಈಗ ಕಂಠೀರವ ಕ್ರೀಡಾಂಗಣವಾಗಿದೆ, ಉಳಿದದ್ದು ಒಂದು ಹೊಂಡ. ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ ಬರುತ್ತದೆ. ಇದನ್ನೆಲ್ಲ ತಿಳಿದು ನೋಡಿದರೆ ಆ ರಾತ್ರಿಯೇ ಬೇರೆ.

ಈಗ ನಿಜವಾಗಿ ಹೇಳಬೇಕಾದದ್ದಕ್ಕೆ ಬರುತ್ತೇನೆ. ನಿಮ್ಮಜ್ಜಿಗೆ ನೂರಾರು ಹಾಡು ಬರುತ್ತಿತ್ತು. ಹಸೆ ಹಾಡು, ಆರತಿ ಹಾಡು, ಬೀಗರ ಹಾಡು. ಬೀಗರ ಹಾಡು ಹೇಳಿದರೆ ಬೀಗಿತ್ತಿ ಕೆಂಪಗಾಗುತ್ತಿದ್ದಳು. ಒಂದು ಹಳೆಯ ಲೆಕ್ಕದ ನೋಟುಬುಕ್ಕಿನಲ್ಲಿ ಎಲ್ಲ ಬರೆದಿಟ್ಟಿದ್ದಾಳೆ, ಹಾಲಿನ ಲೆಕ್ಕದ ಮಧ್ಯೆ. ಪದ ಇದೆ, ಧಾಟಿ ಹೋಯಿತು. ಅವಳ ಕೊನೆಯ ಐದು ವರ್ಷ ನನ್ನ ಕೈಯಲ್ಲೂ ಫೋನಿತ್ತು, ಪುಟ್ಟಿ. ಅಮ್ಮ ಹೂ ಕಟ್ಟುತ್ತಾ ಗುನುಗುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಗುಡ್ ಮಾರ್ನಿಂಗ್ ಕಳಿಸುತ್ತಿದ್ದೆ. ಒಂದೇ ಒಂದು ಹಾಡನ್ನು ರೆಕಾರ್ಡ್ ಮಾಡಲಿಲ್ಲ. ನೋಟುಬುಕ್ಕು ತೆರೆದಾಗಲೆಲ್ಲ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಅದಕ್ಕೇ ಒಂದು ಕೆಲಸ ಹಚ್ಚುತ್ತಿದ್ದೇನೆ. ಸಂಕ್ರಾಂತಿಗೆ ಒಂದು ವಾರ ಮುಂಚಿನ ಶನಿವಾರ ಬಂದುಬಿಡು. ವೈಟ್‌ಫೀಲ್ಡಿನಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ನ್ಯಾಷನಲ್ ಕಾಲೇಜಿನಲ್ಲಿ ಇಳಿ. ಈ ಸಲ ಎಳ್ಳಿನ ಪೊಟ್ಟಣ ಅಂಗಡಿಯಿಂದ ತರುವುದಿಲ್ಲ. ಕೊಬ್ಬರಿ, ಬೆಲ್ಲ ಅಡಕತ್ತರಿಯಲ್ಲಿ ಸಣ್ಣಗೆ ಕತ್ತರಿಸಬೇಕು, ಬಿಸಿಲಿಗೆ ಹಾಕಬೇಕು. ಸಕ್ಕರೆ ಅಚ್ಚೂ ಇದೆ. ಪಾಕ ಕೈಕೊಟ್ಟರೆ ಆನೆಯ ಸೊಂಡಿಲು ಮುರಿಯುತ್ತದೆ, ಮತ್ತೆ ಕುದಿಸಬೇಕು. ಬೆರಳು ಬೊಬ್ಬೆ ಬರುತ್ತದೆ, ಬೇಜಾರೂ ಆಗುತ್ತದೆ. ಆ ಬೇಜಾರಿನಲ್ಲೇ ಹೆಂಗಸರು ಮಾತು ತೆಗೆಯುವುದು, ಹಾಡು ತೆಗೆಯುವುದು. ಸುಮ್ನೆ ಕೂತು ಹಾಡು ಅಂದರೆ ಯಾರೂ ಹಾಡುವುದಿಲ್ಲ. ಕೈಯಲ್ಲಿ ಕೆಲಸ ಇದ್ದವಳ ಮುಂದೆ ಮಾತ್ರ ಬಾಯಿ ಬಿಡುತ್ತಾರೆ.

ಮಾಗಡಿಯ ಚಿಕ್ಕಜ್ಜಿಯನ್ನೂ ಕರೆಸುತ್ತಿದ್ದೇನೆ. ಅಮ್ಮನ ಧಾಟಿ ಗೊತ್ತಿರುವುದು ಇನ್ನು ಅವರೊಬ್ಬರಿಗೇ. ಕಿವಿ ಮಂದ, ಗಂಟಲು ಇನ್ನೂ ಗಟ್ಟಿ. ನಿನ್ನ ಫೋನನ್ನು ಎಳ್ಳಿನ ಡಬ್ಬಕ್ಕೆ ಒರಗಿಸಿ ಆನ್ ಮಾಡಿಬಿಡು, ಮರೆತುಬಿಡು. ನೀನು ಕೊಬ್ಬರಿ ಕತ್ತರಿಸು. ಅವರು ಕೆಮ್ಮಿದರೂ, ಮಧ್ಯೆ ಮರೆತು ‘ಏನಮ್ಮಾ ಅದು’ ಅಂತ ನನ್ನನ್ನು ಕೇಳಿದರೂ ಕತ್ತರಿಸಬೇಡ, ಪೂರ್ತಿ ಇರಲಿ. ಅವರನ್ನು ಕೇಳದೆ ಎಲ್ಲೂ ಹಾಕಬೇಡ.

ನಿಮ್ಮಮ್ಮನ ಹತ್ತಿರ ಆನೆ, ನವಿಲಿನ ಮರದ ಅಚ್ಚು ಇರಬೇಕು, ಕೇಳಿ ತಗೊಂಡು ಬಾ. ಮೆಮೊರಿ ಖಾಲಿ ಮಾಡಿಕೊಂಡು ಬಾ, ಚಿಕ್ಕಜ್ಜಿ ಶುರು ಮಾಡಿದರೆ ಬೇಗ ನಿಲ್ಲಿಸುವುದಿಲ್ಲ.

ನಿನ್ನ
ದೊಡ್ಡಮ್ಮ