ಗಂಡನ ಸೋದರಮಾವನ ಮಗಳಾದ ನಾನು: ದಾಖಲೆ ಸೇವಾ ಸಂಸ್ಥೆಗೊಂದು ದೂರು

ಗೆ,
ವ್ಯವಸ್ಥಾಪಕರು,
ದಾಖಲೆ ದೃಢೀಕರಣ ಮತ್ತು ಭಾಷಾಂತರ ಸೇವಾ ಸಂಸ್ಥೆ,
ಬೆಂಗಳೂರು.

ವಿಷಯ: ವಿವಾಹ ಪ್ರಮಾಣಪತ್ರದ ಅಪೊಸ್ಟಿಲ್ (ದಾಖಲೆ ಹೊರದೇಶದಲ್ಲಿ ಮಾನ್ಯವಾಗಲು ಬೇಕಾದ ಸರ್ಕಾರಿ ದೃಢೀಕರಣ) ಮತ್ತು ಸ್ಪ್ಯಾನಿಷ್ ಭಾಷಾಂತರದಲ್ಲಿ ಆಗಿರುವ ತಪ್ಪುಗಳು ಹಾಗೂ ಹಣ ವಾಪಸಾತಿ ಕುರಿತು.

ಮಾನ್ಯರೇ,

ನನ್ನ ಪತಿ ಕೊಲಂಬಿಯಾ ದೇಶದವರು. ಆರು ವರ್ಷಗಳಿಂದ ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡಿದ್ದಾರೆ. ಕಳೆದ ವರ್ಷ 1954ರ ವಿಶೇಷ ವಿವಾಹ ಕಾಯ್ದೆಯಡಿ ನಮ್ಮ ಮದುವೆ ನೋಂದಣಿಯಾಯಿತು. ಮೂವತ್ತು ದಿನ ನಮ್ಮಿಬ್ಬರ ಹೆಸರು ಕಚೇರಿಯ ಸೂಚನಾ ಫಲಕದ ಮೇಲೆ ತೂಗಿದ ನಂತರ ಸಿಕ್ಕಿದ ಪ್ರಮಾಣಪತ್ರ ಅದು. ಆ ಮದುವೆ ಕೊಲಂಬಿಯಾದ ನಾಗರಿಕ ದಾಖಲೆಯಲ್ಲೂ ಸೇರಬೇಕು. ಭಾರತದಲ್ಲಿರುವ ಕೊಲಂಬಿಯನ್ನರು ಅದಕ್ಕಾಗಿ ನವದೆಹಲಿಯ ರಾಯಭಾರ ಕಚೇರಿಗೆ ಹೋಗಬೇಕು. ಅಲ್ಲಿಂದ ಆ ದಾಖಲೆಯ ನಕಲು ಕೈಗೆ ಬಂದರೆ ಮಾತ್ರ ನಾನು ಪತ್ನಿಯೆಂದು ‘ಎಂ’ ವರ್ಗದ ವೀಸಾಕ್ಕೆ ಅರ್ಜಿ ಹಾಕಬಹುದು. ಇದಕ್ಕೆ ಬೇಕಾಗಿದ್ದ ಅಪೊಸ್ಟಿಲ್ ಮತ್ತು ಸ್ಪ್ಯಾನಿಷ್ ಭಾಷಾಂತರ, ಎರಡನ್ನೂ ನಿಮಗೆ ವಹಿಸಿ, 18,400 ರೂಪಾಯಿಯನ್ನು ಮುಂಗಡವಾಗಿಯೇ ಪೂರ್ತಿ ಕಟ್ಟಿದೆವು.

ನೀವು ಕೊಟ್ಟ ರಸೀದಿಯಲ್ಲಿ ದೇಶದ ಹೆಸರಿನ ಇಂಗ್ಲಿಷ್ ಕಾಗುಣಿತವೇ ತಪ್ಪಿತ್ತು. ‘ಓ’ ಇರಬೇಕಾದಲ್ಲಿ ‘ಯು’ ಕೂತಿತ್ತು. ಇದು ನೋಡಿ ನೋಡಿ ರೂಢಿಯಾಗಿದೆ ಎಂದು ನನ್ನವರು ನಕ್ಕು ಸುಮ್ಮನಾದರು. ವಾರದ ನಂತರ ಬಂದ ಕರಡು ಪೋರ್ಚುಗೀಸ್ ಭಾಷೆಯಲ್ಲಿತ್ತು. ಕೇಳಿದರೆ, “ಆ ಕಡೆಯೆಲ್ಲ ಅದೇ ಭಾಷೆ ಅಲ್ಲವೇ ಸಾರ್?” ಎಂಬ ಉತ್ತರ. ಅದು ಬ್ರೆಜಿಲಿನ ಭಾಷೆ. ಅಂದೇ ಕಾಗದಗಳನ್ನು ವಾಪಸು ತೆಗೆದುಕೊಂಡು ಬಾರದೇ ಇದ್ದದ್ದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ.

ಇನ್ನು ಹೆಸರಿನ ವಿಷಯ. ಕೊಲಂಬಿಯಾದವರಿಗೆ ಸಾಮಾನ್ಯವಾಗಿ ಎರಡು ಕುಲನಾಮಗಳಿರುತ್ತವೆ. ಮೊದಲನೆಯದು ತಂದೆಯ ಕಡೆಯದು, ಎರಡನೆಯದು ತಾಯಿಯ ಕಡೆಯದು. ನನ್ನ ಪತಿಯ ಹೆಸರಿನ ಕೊನೆಯಲ್ಲಿ ಬರುವುದು ನಮ್ಮ ಅತ್ತೆಯ ತವರುಮನೆಯ ಹೆಸರು. ಮದುವೆಯಾದ ಮಾತ್ರಕ್ಕೆ ಅಲ್ಲಿ ಹೆಂಗಸರು ಹೆಸರು ಬದಲಿಸಬೇಕಾಗಿಲ್ಲ; ಅತ್ತೆಯವರೂ ಬದಲಿಸಿಲ್ಲ. ನನಗೋ ಕುಲನಾಮವೇ ಇಲ್ಲ, ಇರುವುದು ‘ಎಚ್.ಎನ್.’ ಎಂಬ ಇನಿಷಿಯಲ್. ‘ಎಚ್’ ಎಂದರೆ ನಮ್ಮೂರು ಹೊನ್ನಾಳಿ, ‘ಎನ್’ ಎಂದರೆ ನನ್ನ ತಂದೆಯ ಹೆಸರು. ಪ್ರಮಾಣಪತ್ರದಲ್ಲಿ ಇನಿಷಿಯಲ್ ಇದೆ, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತೃತ ರೂಪ ಇದೆ. ಇದು ತೊಡಕಾಗುತ್ತದೆಂದು ನನಗೆ ಮೊದಲೇ ಅಂಜಿಕೆಯಿತ್ತು. ಆದ್ದರಿಂದಲೇ ನಿಮ್ಮ ಕೌಂಟರಿನಲ್ಲಿ ನಿಂತು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ನಿಮ್ಮ ಸಿಬ್ಬಂದಿ “ಅದೆಲ್ಲ ನಡೆಯುತ್ತದೆ ಮೇಡಂ” ಎಂದು ಅದನ್ನು ಮಡಚಿ ಫೈಲಿಗೆ ಸ್ಟೇಪಲ್ ಮಾಡಿದರು. ಫೈಲು ಮರಳಿ ಬಂದಾಗ ಹಾಳೆ ಮಡಚಿದ ಹಾಗೆಯೇ ಇತ್ತು. ಬಿಚ್ಚಿ ನೋಡಿದವರೇ ಇಲ್ಲ.

ಅಂತಿಮ ಭಾಷಾಂತರದಲ್ಲಿ ನನ್ನ ಕುಲನಾಮದ ಜಾಗದಲ್ಲಿ ಪತಿಯ ಹೆಸರಿನ ಕೊನೆಯ ಪದವನ್ನು ತಂದು ಕೂರಿಸಿದ್ದೀರಿ, ಅಂದರೆ ಅತ್ತೆಯ ತವರಿನ ಹೆಸರನ್ನು. ಹೆಂಡತಿಗೆ ಗಂಡನ ಸರ್‌ನೇಮ್ ಇರಲೇಬೇಕೆಂದು ಯಾರೋ ಊಹಿಸಿಕೊಂಡಿರಬೇಕು. ಆ ಕಾಗದವನ್ನು ಓದಿದ ಕೊಲಂಬಿಯಾದವರಿಗೆ ನಾನು ನನ್ನ ಗಂಡನ ಸೋದರಮಾವನ ಮಗಳು. ನಮ್ಮ ಕಡೆ ಅಂಥ ಸಂಬಂಧ ಹೊಸದೇನಲ್ಲ, ಆದರೆ ನನ್ನದು ಆ ಸಂಬಂಧವಲ್ಲ ಸ್ವಾಮಿ!

ಇದು ಅಂತಿಮ ಪ್ರತಿಯಲ್ಲಿದ್ದದ್ದು ನಮ್ಮ ಕಣ್ಣಿಗೆ ಬೀಳಲಿಲ್ಲ. ಮುಚ್ಚಿದ ಲಕೋಟೆಯನ್ನು ತೆರೆಯಬೇಡಿ ಎಂದು ನೀವೇ ಹೇಳಿದ್ದಿರಿ. ಇಬ್ಬರೂ ರಜೆ ಹಾಕಿ, ನಿಗದಿಯಾದ ದಿನ ದೆಹಲಿಗೆ ಹೋದೆವು. ಅಲ್ಲಿನ ಸಿಬ್ಬಂದಿ ಭಾಷಾಂತರವನ್ನೂ ನನ್ನ ಪಾಸ್‌ಪೋರ್ಟನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದರು. ಮತ್ತೊಮ್ಮೆ ಓದಿದರು. ಸ್ಪ್ಯಾನಿಷ್‌ನಲ್ಲಿ ಏನೋ ಕೇಳಿದರು. ನನ್ನವರು ಜೋರಾಗಿ ನಕ್ಕರು, ನಗು ಅರ್ಧದಲ್ಲೇ ನಿಂತಿತು. ಆಮೇಲೆ ಅಪೊಸ್ಟಿಲ್ ನೋಡಲೆಂದು ಪ್ರಮಾಣಪತ್ರವನ್ನು ಮಗುಚಿದವರು, ಅಂಚಿನ ಪ್ಲಾಸ್ಟಿಕ್ ಮೇಲೆ ಉಗುರು ಎಳೆದು ನಮ್ಮ ಮುಖ ನೋಡಿದರು. ನೀವು ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದಿರಿ. ಬಿಲ್ಲಿನಲ್ಲಿ ‘ಉಚಿತ’ ಎಂದು ಬೇರೆ ಬರೆದಿದ್ದೀರಿ. ನಾವದನ್ನು ಕೇಳಿರಲಿಲ್ಲ. ಈಗ ಪ್ಲಾಸ್ಟಿಕ್ ಸುಲಿಯಲು ಹೋದರೆ ಹಿಂದೆ ಅಂಟಿಸಿದ ಅಪೊಸ್ಟಿಲ್ ಚೀಟಿಯೂ ಕಿತ್ತುಕೊಂಡು ಬರುತ್ತದೆ. ಹೊಸ ದೃಢೀಕೃತ ಪ್ರತಿ, ರಾಜ್ಯದ ದೃಢೀಕರಣ, ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್, ಎಲ್ಲವೂ ಮೊದಲಿನಿಂದ ಆಗಬೇಕು. ಆ ಕೌಂಟರಿನವರ ಮೇಲೆ ನಮ್ಮ ದೂರಿಲ್ಲ. ಸರಿಪಡಿಸಬೇಕಾದ್ದನ್ನೆಲ್ಲ ಅವರು ತಾಳ್ಮೆಯಿಂದ ಬರೆದುಕೊಟ್ಟರು.

ನನ್ನವರು ಕಾಯುವುದಕ್ಕೆ ಹೊಸಬರಲ್ಲ. ಕೊಲಂಬಿಯಾದ ಗುರುತಿನ ಚೀಟಿ ಕಳೆದುಹೋದಾಗ ಇಲ್ಲಿ ಬೆರಳಚ್ಚು ಕೊಟ್ಟು, ಅಲ್ಲಿಂದ ತಯಾರಾಗಿ ಬರುವವರೆಗೆ ತಿಂಗಳುಗಟ್ಟಲೆ ‘ಕೊಂಟ್ರಾಸೆನ್ಯಾ’ ಎಂಬ ತಾತ್ಕಾಲಿಕ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದವರು. ಆ ವಿಳಂಬಕ್ಕೆ ದೂರ ಕಾರಣ. ಈ ವಿಳಂಬಕ್ಕೆ ನಿಮ್ಮ ಸ್ಟೇಪಲರ್ ಕಾರಣ.

ಬಿಲ್ಲಿನ ಬಗ್ಗೆಯೂ ಒಂದು ಮಾತು. ‘ಅಪೊಸ್ಟಿಲ್ ಸರ್ಕಾರಿ ಶುಲ್ಕ’ ಎಂದು 6,500 ರೂಪಾಯಿ ತೋರಿಸಿದ್ದೀರಿ. ಒಂದು ದಾಖಲೆಯ ಅಪೊಸ್ಟಿಲ್‌ಗೆ ವಿದೇಶಾಂಗ ಸಚಿವಾಲಯದ ಶುಲ್ಕ 50 ರೂಪಾಯಿ. ಓಡಾಟಕ್ಕೆ, ಶ್ರಮಕ್ಕೆ ನೀವು ದುಡ್ಡು ತೆಗೆದುಕೊಳ್ಳುವುದು ತಪ್ಪಲ್ಲ. ಅದನ್ನು ಸರ್ಕಾರದ ತಲೆಗೆ ಕಟ್ಟಬೇಡಿ.

ನಾಲ್ಕು ಬಾರಿ ಕರೆ ಮಾಡಿದ ಮೇಲೆ “ಇನ್ನೊಮ್ಮೆ ಉಚಿತವಾಗಿ ಮಾಡಿಕೊಡುತ್ತೇವೆ” ಎಂದಿದ್ದೀರಿ. ಬೇಡ. ಕೊಲಂಬಿಯಾದ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತರಾದ, ಬೊಗೊಟಾದ ಅಧಿಕೃತ ಭಾಷಾಂತರಕಾರರೊಬ್ಬರಿಗೆ ಕೆಲಸ ಒಪ್ಪಿಸಿದ್ದೇವೆ. ಇಲ್ಲಿ ರಾತ್ರಿ ಹತ್ತಾದರೆ ಅಲ್ಲಿ ಬೆಳಗ್ಗೆ ಹನ್ನೊಂದೂವರೆ. ಆ ಹೊತ್ತಿಗೆ ಅವರಿಂದ ಬಂದ ಮೊದಲ ಪ್ರಶ್ನೆಯೇ, “ಈ ಎಚ್ ಮತ್ತು ಎನ್ ಎಂದರೇನು, ಇವು ಕುಲನಾಮಗಳೇ?” ಎಂಬುದು.

ನಾವು ಕಟ್ಟಿದ 18,400 ರೂಪಾಯಿಯನ್ನೂ ದೆಹಲಿ ಪ್ರಯಾಣಕ್ಕೆ ಖರ್ಚಾದ 31,260 ರೂಪಾಯಿಯನ್ನೂ, ನಿಮ್ಮಲ್ಲೇ ಉಳಿದಿರುವ ಪ್ರಮಾಣಪತ್ರದ ಎರಡನೇ ಪ್ರತಿಯನ್ನೂ ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಹಿಂದಿರುಗಿಸಬೇಕು. ಇಲ್ಲದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯೆಂದು ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ಎರಡನೇ ಪ್ರತಿಗೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ.

ಇಂತಿ,
ದೂರುದಾರೆ

ಲಗತ್ತು: ರಸೀದಿ ಮತ್ತು ಬಿಲ್ಲಿನ ನಕಲು, ಭಾಷಾಂತರದ ನಕಲು, ವಿಮಾನ ಟಿಕೆಟ್‌ಗಳು, ನಾನು ಬರೆದುಕೊಟ್ಟಿದ್ದ ಹಾಳೆಯ ನಕಲು (ಈ ಬಾರಿ ಮಡಚಿಲ್ಲ).