ಯೂನಿಯನ್ ಇದ್ದರೆ ಸಾಲದಾ ಅಂತ ಕೇಳಿದ ಮಗಳಿಗೆ

ಪ್ರೀತಿಯ ಮಗಳಿಗೆ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅವ್ವಾ, ಕೆಲಸ ಮಾಡೋರ ಹಕ್ಕಿಗೆ ಯೂನಿಯನ್ ಐತಿ, ಕಾನೂನು ಐತಿ, ಕೋರ್ಟ್ ಐತಿ, ನಡುವೆ ಈ ಮಠ, ದರ್ಗಾ, ಚರ್ಚ್ ಯಾಕ?" ಅಂತ. ಅವತ್ತು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಲಾ ಓದುವವಳು ನೀನು, ವಾದ ಮಾಡು. ಪೂರ್ತಿ ಓದಿದ ಮೇಲೆ ಮಾಡು.

ಯೂನಿಯನ್ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಗದಗ-ಬೆಟಗೇರಿಯಲ್ಲಿ ಮಠ, ದರ್ಗಾ, ಚರ್ಚಿನ ಜನರನ್ನು ಸೇರಿಸಿ ಕಟ್ಟಿಕೊಂಡ ನಮ್ಮ ಗುಂಪಿಗೆ ಬರುವ ಹೆಂಗಸರನ್ನು ಒಮ್ಮೆ ನೋಡು. ಐದು ಮನೆ ಪಾತ್ರೆ ತೊಳೆಯುವವಳಿಗೆ ಐದು ಜನ ಮಾಲಕರು. ಮಗ್ಗದ ಮನೆಯಲ್ಲಿ ಕಂಡಿಕಿಗೆ (ನೇಯ್ಗೆಯ ಸಣ್ಣ ಕೊಳವೆಗೆ) ನೂಲು ಸುತ್ತುವ ಅಜ್ಜಿಗೆ ಮಾಲಕ ಅಂದರೆ ಅವಳ ಮಗನೇ. ಇವರು ಯಾವ ಗೇಟಿನ ಮುಂದೆ ನಿಂತು ಘೋಷಣೆ ಕೂಗಬೇಕು? ಕೆಲಸದ ಜಾಗದಲ್ಲಿ ಇವರು ಒಬ್ಬರ ಮುಖ ಒಬ್ಬರು ನೋಡುವುದೇ ಇಲ್ಲ. ಆದರೆ ಸೋಮವಾರ ಮಠದಲ್ಲಿ ನೋಡುತ್ತಾರೆ, ಗುರುವಾರ ದರ್ಗಾದಲ್ಲಿ ನೋಡುತ್ತಾರೆ, ಬಾಸೆಲ್ ಮಿಷನ್ ಕಾಲದಿಂದ ಚರ್ಚಿಗೆ ಹೋಗುವ ಮನೆಯವರು ಭಾನುವಾರ ನೋಡುತ್ತಾರೆ. ಯಾರ ಗಂಡ ಕುಡಿಯುತ್ತಾನೆ, ಯಾರ ಮಗಳ ಫೀ ಬಾಕಿ ಇದೆ, ಎಲ್ಲ ಅಲ್ಲಿ ಗೊತ್ತಿರುತ್ತದೆ. ಆ ನಂಬಿಕೆಯನ್ನು ಹೊಸದಾಗಿ ಕಟ್ಟಬೇಕೆಂದರೆ ಹತ್ತು ವರ್ಷ ಬೇಕು. ಅದು ಇರುವ ಕಡೆ ನಾವು ಹೋಗಿ ಕೂತೆವು, ಅಷ್ಟೇ.

ಮೊದಲು ಏನೂ ಕೇಳಲಿಲ್ಲ. ಫಾರ್ಮ್ ಇಲ್ಲ, ಸರ್ವೆ ಇಲ್ಲ, ಭಾಷಣ ಇಲ್ಲ. ಇಬ್ಬಿಬ್ಬರು ಸೇರಿ ಮನೆಮನೆಗೆ ಹೋಗಿ ಚಹಾ ಕುಡಿಯುತ್ತಾ "ನಿಮಗ ಯಾವುದಕ್ಕ ರಾತ್ರಿ ನಿದ್ದಿ ಬರೂದಿಲ್ಲ?" ಅಂತ ಕೇಳಿ ಸುಮ್ನೆ ಕೂತಿದ್ದು. ಹೀಗೆ ಹೋದಾಗಲೇ ಕಂಡಿಕಿ ಅಜ್ಜಿಯ ವಿಷಯ ಗೊತ್ತಾಗಿದ್ದು. ಬಾಗಿಲ ಹಿಂದಿನ ಗೂಟಕ್ಕೆ ಒಂದು ಕ್ಯಾರಿಬ್ಯಾಗ್ ನೇತು ಹಾಕಿದ್ದಳು. ಅದರಲ್ಲಿ ಪಾಸ್‌ಬುಕ್, ಆಧಾರ್, ರೇಷನ್ ಕಾರ್ಡ್, ಗಂಡನ ಮರಣ ಪತ್ರದ ಝೆರಾಕ್ಸ್, ಮಳೆಗೆ ನೆಂದು ಒಂದಕ್ಕೊಂದು ಅಂಟಿಕೊಂಡಿದ್ದವು. ಬಾಯಿಬಿಟ್ಟು ಏನೂ ಹೇಳಲಿಲ್ಲ, ಪಾಸ್‌ಬುಕ್ ತೆಗೆದು ಕೈಗೆ ಕೊಟ್ಟಳು. ವಿಧವಾ ವೇತನ ನಿಂತು ಹೋಗಿತ್ತು. ಕಚೇರಿಗೆ ಹೋದಾಗಲೆಲ್ಲ ಒಂದು ಸಲ ಸರ್ವರ್ ಇಲ್ಲ, ಒಂದು ಸಲ ಆಧಾರ್ ಲಿಂಕ್ ಇಲ್ಲ, ಒಂದು ಸಲ ಸಾಹೇಬರೇ ಇಲ್ಲ. ಹೊಟ್ಟೆಗೆ ಹೇಗೆ ಅಂದರೆ ಮಧ್ಯಾಹ್ನ ದಾಸೋಹದ ಊಟ. ಬಡಿಸುವವರು ಪ್ರೀತಿಯಿಂದಲೇ ಬಡಿಸುತ್ತಿದ್ದರು. ಆದರೆ ಸಾಲಿನಲ್ಲಿ ಕೂತ ಈ ಅಜ್ಜಿ ದಿನಾ ಯಾಕೆ ಬರುತ್ತಿದ್ದಾಳೆ, ಅವಳ ದುಡ್ಡು ಎಲ್ಲಿ ಹೋಯಿತು ಅಂತ ಒಬ್ಬರೂ ಕೇಳಿರಲಿಲ್ಲ.

ಇಲ್ಲಿ ನಿನಗೆ ಒಂದು ದೂರದ ಊರಿನ ಕಥೆ ಹೇಳಬೇಕು. ಅಮೆರಿಕದ ಬಾಲ್ಟಿಮೋರ್. ಅಲ್ಲಿ ಚರ್ಚುಗಳೆಲ್ಲ ಸೇರಿ ಕಟ್ಟಿಕೊಂಡ ಬಿಲ್ಡ್ ಅನ್ನುವ ಒಂದು ಒಕ್ಕೂಟ ಇದೆ. 1940ರಲ್ಲಿ ಶಿಕಾಗೋದಲ್ಲಿ ಸಾಲ್ ಅಲಿನ್ಸ್ಕಿ ಶುರು ಮಾಡಿದ ಸಂಘಟನೆಯ ದಾರಿಯಲ್ಲೇ ಬಂದದ್ದು. ಬಡವರಿಗೆ ಊಟ ಹಾಕುತ್ತಿದ್ದ ಆ ಚರ್ಚುಗಳ ಪಾದ್ರಿಗಳು ಒಂದು ವಿಷಯ ಗಮನಿಸಿದರು. ಊಟದ ಸಾಲಿನಲ್ಲಿ ನಿಲ್ಲುವವರಲ್ಲಿ ಎಷ್ಟೋ ಜನ ನಿರುದ್ಯೋಗಿಗಳಲ್ಲ, ಕೆಲಸಕ್ಕೆ ಹೋಗುವವರು. ದಿನವಿಡೀ ದುಡಿದರೂ ಸಂಬಳ ಹೊಟ್ಟೆಗೆ ಸಾಲುತ್ತಿರಲಿಲ್ಲ. ಆಗ ಅವರು ಊಟ ಹಾಕುವುದರ ಜೊತೆಗೆ ಕೂಲಿಯ ಲೆಕ್ಕವನ್ನೂ ಕೇಳಲು ಶುರು ಮಾಡಿದರು. ಕಾರ್ಮಿಕ ಸಂಘದವರು ಜೊತೆಯಾದರು, ನೋಡು, ನಿನ್ನ ಯೂನಿಯನ್ನೂ ಅಲ್ಲಿತ್ತು. 1994ರಲ್ಲಿ ಆ ನಗರದಲ್ಲಿ ಕಾನೂನು ಬಂತು: ನಗರಾಡಳಿತದ ಗುತ್ತಿಗೆ ಕೆಲಸ ಮಾಡುವವರಿಗೆ ಬದುಕುವಷ್ಟು ಕೂಲಿ ಕೊಡಲೇಬೇಕು. ಆಗ ದೇಶದ ಕನಿಷ್ಠ ಕೂಲಿ ಗಂಟೆಗೆ 4.25 ಡಾಲರ್. ಇವರು ಪಡೆದದ್ದು 6.10ರಿಂದ ಶುರುವಾಯಿತು.

ಅದೇ 1994ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಏನಾಯಿತು ಅಂತ ನಿನಗೆ ಗೊತ್ತು. ಆಗಸ್ಟ್ 15ಕ್ಕೆ ಈದ್ಗಾ ಮೈದಾನದಲ್ಲಿ ಬಾವುಟ ಹಾರಿಸುವ ವಿಷಯದಲ್ಲಿ ಗೋಲಿಬಾರ್ ಆಗಿ ಜನ ಸತ್ತರು. ಅಲ್ಲೂ ದೇವರ ಹೆಸರು, ಇಲ್ಲೂ ದೇವರ ಹೆಸರು. ಭಕ್ತಿ ಇರುವವರನ್ನು ಯಾರೋ ಒಬ್ಬರು ಬಂದು ಒಟ್ಟು ಹಾಕಿಯೇ ಹಾಕುತ್ತಾರೆ ಮಗಳೇ. ನಾವು ಹೋಗದಿದ್ದರೆ ಬೇರೆಯವರು ಹೋಗುತ್ತಾರೆ. ನಾವು ಹೋಗಿ ಪಿಂಚಣಿ, ನಳದ ನೀರು, ಗಟಾರು ಅಂತ ಕೂರಿಸುತ್ತೇವೆ, ಅವರು ಇನ್ನೊಂದು ಓಣಿಯ ಮೇಲೆ ಎತ್ತಿಕಟ್ಟುತ್ತಾರೆ. ನಿನ್ನ ಪ್ರಶ್ನೆಗೆ ನನ್ನ ಗಟ್ಟಿ ಉತ್ತರ ಇದೇ.

ನಮ್ಮ ಊರಿಗೆ ಇದು ಹೊಸದೂ ಅಲ್ಲ. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು, ನಮ್ಮ ಅಜ್ಜಾರು, ಭಕ್ತರು ಹೊರುವ ಅಡ್ಡಪಲ್ಲಕ್ಕಿಯಲ್ಲಿ ಕೂರುವುದನ್ನೇ ಬಿಟ್ಟವರು. 2011ರಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಮುಂಡರಗಿ ತಾಲೂಕಿನ ಹಳ್ಳಿಗುಡಿ ಸುತ್ತಮುತ್ತ ಮೂರು ಸಾವಿರ ಎಕರೆಗೂ ಜಾಸ್ತಿ ಭೂಮಿ ಕೇಳಿದಾಗ ರೈತರ ಜೊತೆ ನಿಂತರು. ಸರ್ಕಾರ ಹಿಂದೆ ಸರಿಯಿತು. ಕಪ್ಪತಗುಡ್ಡಕ್ಕೆ 2015ರಲ್ಲಿ ಕೊಟ್ಟ ಸಂರಕ್ಷಿತ ಪ್ರದೇಶದ ಪಟ್ಟವನ್ನು 2016ರಲ್ಲಿ ವಾಪಸ್ ಪಡೆದಾಗ, 2017ರಲ್ಲಿ ಗದಗಿನಲ್ಲಿ ಧರಣಿ ಕೂತರು. ಅದೇ ವರ್ಷ ಪಟ್ಟ ಮರಳಿ ಬಂತು, 2019ರಲ್ಲಿ ಅದು ವನ್ಯಜೀವಿಧಾಮ ಆಯಿತು. ಅದನ್ನು ನೋಡಲು ಅಜ್ಜಾರು ಇರಲಿಲ್ಲ, 2018ರ ಅಕ್ಟೋಬರಿನಲ್ಲೇ ಲಿಂಗೈಕ್ಯರಾಗಿದ್ದರು. ಅಂಥವರು ಇದ್ದ ಊರು ಅಂತ ನನಗೆ ಈಗಲೂ ಎದೆ ತುಂಬುತ್ತದೆ.

ಆದರೆ ದೊಡ್ಡವರ ಮಾತಿಗೆ ಜನ ಸೇರಿದ ಮಾತ್ರಕ್ಕೆ ಸಂಘಟನೆ ಆಗುವುದಿಲ್ಲ. ದೊಡ್ಡವರು ಇಲ್ಲದ ದಿನ ಯಾರು ಮಾತಾಡುತ್ತಾರೆ? ಅದಕ್ಕೇ ನಮ್ಮ ಗುಂಪಿನಲ್ಲಿ ಸ್ವಾಮಿಗಳಾಗಲಿ ಪಾದ್ರಿಗಳಾಗಲಿ ಮೌಲಾನಾ ಆಗಲಿ ಸಭೆಗೆ ಬಂದರೆ ಚಾಪೆ ಮೇಲೆ ಎಲ್ಲರ ಜೊತೆ ಕೂರಬೇಕು, ಮೊದಲ ಮಾತು ಅವರದಲ್ಲ. ಸಭೆ ಒಂದೇ ಕಡೆ ಮಾಡುವುದೂ ಇಲ್ಲ. ಎಲ್ಲ ಗುಡಿಯ ಕಟ್ಟೆ ಎಲ್ಲರಿಗೂ ತೆರೆದಿಲ್ಲ ಅನ್ನುವುದು ನಿನಗೆ ನಾನು ಹೇಳಬೇಕಾ? ಸಭೆ ದಲಿತರ ಕೇರಿಯಲ್ಲೂ ಆಗುತ್ತದೆ, ಅಲ್ಲಿ ಮಾಡಿದ ಚಹಾವನ್ನು ಎಲ್ಲರೂ ಕುಡಿಯಬೇಕು. ಕುಡಿಯಲಾರದೆ ಎದ್ದು ಹೋದವರಿದ್ದಾರೆ. ಹೋಗಲಿ ಅಂತ ಬಿಟ್ಟೆವು. ಜನ ಕಡಿಮೆಯಾದರೂ ಪರವಾಗಿಲ್ಲ, ಈ ವಿಷಯದಲ್ಲಿ ರಾಜಿ ಇಲ್ಲ.

ಇನ್ನು ಅಜ್ಜಿಯ ಕಥೆ. ಅದೇ ತೊಂದರೆ ಇರುವವರು ಓಣಿ ಓಣಿಯಲ್ಲೂ ಸಿಕ್ಕರು. ಎಲ್ಲರೂ ಒಟ್ಟಿಗೆ ಕಚೇರಿಗೆ ಹೋಗುವುದು ಅಂತಾಯಿತು. ಹಿಂದಿನ ದಿನ ಸಂಜೆ ತಾಲೀಮು ಮಾಡಿದೆವು. ನಾನು ಸಾಹೇಬಳಾಗಿ ಕುರ್ಚಿ ಮೇಲೆ ಕೂತೆ, ಒಬ್ಬೊಬ್ಬರೇ ಬಂದು ಕೇಳಬೇಕು. ಅಳಬಾರದು, ಕೈ ಮುಗಿದು ಬೇಡಬಾರದು, ಬೈಯಲೂಬಾರದು. ಕೇಳುವುದು ಒಂದೇ: ಆಗುತ್ತದೋ ಇಲ್ಲವೋ, ಆಗುವುದಾದರೆ ಯಾವ ತಾರೀಖು? ಮಾರನೇ ದಿನ ಕಚೇರಿಯಲ್ಲಿ ಸಾಹೇಬರು ನನ್ನ ಕಡೆ ನೋಡಿ "ಹೇಳ್ರಿ ಮೇಡಂ" ಅಂದರು. ನಾನು ಬಾಯಿ ಬಿಡಲಿಲ್ಲ. ಅಜ್ಜಿ ಮುಂದೆ ಬಂದು ಕ್ಯಾರಿಬ್ಯಾಗನ್ನು ಟೇಬಲ್ ಮೇಲಿಟ್ಟು, "ಸಾಹೇಬ್ರ, ನಾ ಯಾವ ತಾರೀಖಿಗೆ ಬರಬೇಕು, ಈ ಚೀಟಿ ಮ್ಯಾಲೆ ಬರದ ಕೊಡ್ರಿ" ಅಂದಳು. ಹಿಂದೆ ಬುರ್ಖಾ ಹಾಕಿದವರು, ಕುಂಕುಮ ಇಟ್ಟವರು, ಇಡದವರು, ಎಲ್ಲರೂ ನಿಂತಿದ್ದರು. ಸಾಹೇಬರು ಬರೆದು ಕೊಟ್ಟರು ಮಗಳೇ. ಅವಳ ದುಡ್ಡು ಬಂತು. ಎಲ್ಲರದೂ ಬಂದಿಲ್ಲ, ಇನ್ನೂ ಓಡಾಡುತ್ತಿದ್ದೇವೆ.

ಈ ಕೆಲಸಕ್ಕೆ ಫಂಡ್ ಎಲ್ಲಿಂದ ಅಂತ ನಿನ್ನಪ್ಪ ಕೇಳುತ್ತಲೇ ಇರುತ್ತಾರೆ. 1955ರ ಡಿಸೆಂಬರಿನಲ್ಲಿ ಅಮೆರಿಕದ ಮಾಂಟ್ಗೊಮರಿಯ ಕರಿಯ ಜನ, ಬಸ್ಸಿನಲ್ಲಿ ಮಾಡುತ್ತಿದ್ದ ಬಣ್ಣದ ಭೇದ ವಿರೋಧಿಸಿ, ಸಿಟಿ ಬಸ್ ಹತ್ತುವುದನ್ನು ಬಿಟ್ಟು 381 ದಿನ ನಡೆದರಲ್ಲ, ಆಗ ಜಾರ್ಜಿಯಾ ಗಿಲ್ಮೋರ್ ಅನ್ನುವ ಅಡುಗೆಯಾಕೆ ಊಟ, ತಿಂಡಿ ಮಾಡಿ ಮಾರಿ, ಬಂದ ದುಡ್ಡನ್ನು ಚರ್ಚಿನ ಸಭೆಗೆ ತಂದು ಕೊಡುತ್ತಿದ್ದಳು. ಕೆಲಸಕ್ಕೆ ಹೋಗುವವರನ್ನು ಕರೆದೊಯ್ಯುವ ಕಾರುಗಳ ಪೆಟ್ರೋಲಿಗೆ ಅದು. ಆ ಹೋರಾಟದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಹೆಸರು ಎಲ್ಲರಿಗೂ ಗೊತ್ತು, ನೀನು ಈಕೆಯ ಹೆಸರನ್ನೂ ಗೊತ್ತು ಮಾಡಿಕೋ. ನಮ್ಮಲ್ಲೂ ಹಾಗೇ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರಿ ಆಟೋ ಖರ್ಚು, ಝೆರಾಕ್ಸ್ ಖರ್ಚು ತೆಗೆಯುತ್ತೇವೆ. ಹೊರಗಿನ ದುಡ್ಡು ತಗೊಂಡರೆ ಹೊರಗಿನವರು ಹೇಳಿದ ಕೆಲಸ ಮಾಡಬೇಕಾಗುತ್ತದೆ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಹೊಸದಾಗಿ ಅರ್ಜಿ ಹಾಕುವವರಿಗೆ ಸಕಾಲ ಕಾಯ್ದೆ, ಅಂದರೆ ಸರ್ಕಾರಿ ಕೆಲಸ ಗಡುವಿನೊಳಗೆ ಆಗಬೇಕು ಅನ್ನುವ ಕಾಯ್ದೆ, ತಿಳಿಸಿ ಹೇಳುವವರು ಬೇಕು. ಅರ್ಜಿ ಕೊಟ್ಟಾಗ ಜಿಎಸ್‌ಸಿ ನಂಬರ್ (ಅರ್ಜಿಯ ಗುರುತಿನ ನಂಬರ್) ಇರುವ ರಸೀದಿ ಕೇಳಿ ಪಡೆಯುವುದು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರ ತನಕ ಪರಿಹಾರ ಕೇಳಬಹುದು ಅನ್ನುವುದು, ಮೇಲ್ಮನವಿ ಯಾರಿಗೆ ಕೊಡಬೇಕು ಅನ್ನುವುದು. ಪುಸ್ತಕದ ಭಾಷೆ ಬೇಡ, ಆಡುವ ಮಾತಿನಲ್ಲಿ ಒಂದು ಹಾಳೆ ಬರೆದುಕೊಂಡು ಬಾ. ಶನಿವಾರ ಸಂಜೆ ಬಸ್ಸಿಗೆ ಹೊರಟರೂ ಆಯಿತು, ಸೋಮವಾರದ ಸಭೆ ಮುಗಿಸಿ ಹೋಗುವಿಯಂತೆ. ಈ ಸಲ ಚರ್ಚಿನ ಹಿಂದಿನ ಓಣಿಯಲ್ಲಿದೆ. ಮುಂಚೇನೇ ಹೇಳಿಬಿಡುತ್ತೇನೆ, ನಿನ್ನನ್ನು ಅವರು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುತ್ತಾರೆ.

ನಿನ್ನ ಅವ್ವ